ಗರಸಿನ ಹಾದಿ, ಹನ್ನೊಂದು ಮೋರಿ

ಅಪ್ಪ ತಾನು ಹಾಕಿಸಿದ ರಸ್ತೆಗಳನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಗುರುತು ಹಿಡಿಯುತ್ತಿದ್ದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಮಡಿಚಿದ ಕೌದಿ, ಕೌದಿಯ ಮೇಲೆ ಅಪ್ಪ, ಮುಂದೆ ತುಳಿಯುವವಳು ನಾನು. ಗಾಲಿಯ ಕೆಳಗಿನ ಸಪ್ಪಳ ಒಂದಿಷ್ಟು ಬದಲಾದರೆ ಸಾಕು, ಬೆನ್ನ ಹಿಂದಿನಿಂದ ಮಾತು ಬರುತ್ತಿತ್ತು.

"ಇದು ಕೆಂಪ ಗರಸು. ರಾಮತೀರ್ಥದ ಗುಡ್ಡದ ಹಿಂದಿನ ತೆಗ್ಗಿಂದು. ಕೇಳು, ಜ್ವಾಳದ ಅಳ್ಳು ಹುರದಂಗ ಚಟಚಟ ಅಂತೈತಿ."

ಗರಸು ಎಂದರೆ ಗುಡ್ಡ ಅಗೆದು ತಂದದ್ದು, ಅರ್ಧ ಕಲ್ಲು, ಅರ್ಧ ಮಣ್ಣು. ನಮ್ಮ ಕಡೆಯ ರಸ್ತೆಗಳಿಗೆ ಆಗ ಡಾಂಬರು ಎಲ್ಲಿಯದು? ಗರಸು ಹರವಿ, ನೀರು ಹೊಡೆದು, ಎತ್ತು ಹೂಡಿ ಕಲ್ಲಿನ ಉರುಳು ಎಳೆಸಿದರೆ ಅದೇ ರಸ್ತೆ. ಅಪ್ಪ ಆ ಕೆಲಸದ ಮೇಸ್ತ್ರಿ. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ಹೊಸದರಲ್ಲಿ, ಕಚೇರಿಯ ಕಾಗದಗಳೆಲ್ಲ ಇನ್ನೂ ತಡವರಿಸುತ್ತ ಕನ್ನಡ ಕಲಿಯುತ್ತಿದ್ದಾಗ, ಜಮಖಂಡಿಯಿಂದ ಹೊರಡುವ ಮೂರು ರಸ್ತೆಗಳನ್ನು ಅವನು ಹಾಕಿಸಿದ್ದ. ನನಗೆ ಸೈಕಲ್ ಕಲಿಸಿದ್ದೂ ಅವುಗಳ ಮೇಲೆಯೇ. ಉರುಳು ಹೊಡೆದು ಮುಗಿದು, ಗಾಡಿಗಳಿಗೆ ಇನ್ನೂ ಬಿಡದ ಹಾದಿ. ಅದರ ಮೇಲೆ ನಾನೊಬ್ಬಳೇ. ಬಿದ್ದು ಅತ್ತರೆ ಅಪ್ಪ ಬಗ್ಗಿ ಮೊದಲು ರಸ್ತೆ ನೋಡುತ್ತಿದ್ದ, ಆಮೇಲೆ ನನ್ನ ಮೊಣಕಾಲು.

"ಬೀಳು, ಪರವಾ ಇಲ್ಲ. ಉರುಳ ಸರಿ ಹೊಡದಾರೋ ಇಲ್ಲೋ ನಿನ್ನ ಮೊಣಕಾಲ ಹೇಳತೈತಿ."

ಇಂಥ ಅಪ್ಪನನ್ನು ಹದಿನೈದು ವರ್ಷಗಳ ಮೇಲೆ ಒಂದು ಚಳಿಗಾಲವಿಡೀ ಅದೇ ರಸ್ತೆಗಳ ಮೇಲೆ ಹೊತ್ತು ತಿರುಗಿದೆ. ಆಗ ನಾನು ಜಮಖಂಡಿಯ ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಅಪ್ಪನಿಗೆ ಪೆನ್ಶನ್ ಆಗಿತ್ತು. ಹೆಣ್ಣುಮಗಳು ಸೈಕಲ್ ತುಳಿಯುವುದೇ ಊರಿಗೆ ನೋಡುವಂಥ ಸಂಗತಿ. ಹಿಂದೆ ಕೋಟು, ಧೋತರ, ಕರಿ ಟೊಪ್ಪಿಗೆಯ ಮುದುಕ ಕುಳಿತರೆ ಕೇಳಬೇಕೆ? ಅವ್ವನಂತೂ ಪ್ರತಿ ಆದಿತ್ಯವಾರ ರೊಟ್ಟಿ ಬುತ್ತಿ ಕಟ್ಟುತ್ತಲೇ ಬೈಯುತ್ತಿದ್ದಳು.

"ಹಿಂಗ ಅಡವಿ ಅಡವಿ ತಿರಗಿದ್ರ ನಿನ್ನ ಯಾರ ಮಾಡ್ಕೋತಾರ? ಅವಗ ಬುದ್ಧಿ ಇಲ್ಲ, ನಿನಗರ ಬ್ಯಾಡಾ?"

ಬೈದವಳೇ ತನ್ನ ಕುಂಕುಮದ ಕನ್ನಡಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಚೀಲದಲ್ಲಿ ಇಡುತ್ತಿದ್ದಳು. ಆ ಕನ್ನಡಿ ಯಾಕೆ ಬೇಕೆಂದು ಅವಳಿಗೆ ಗೊತ್ತಿತ್ತು.

ಅಪ್ಪನ ಕಣ್ಣು ಹೋಗುತ್ತಿದ್ದವು. ಪೊರೆಯಾಗಿದ್ದರೆ ಕತ್ತರಿಸಿ ತೆಗೆಯಬಹುದಿತ್ತು. ಇದು ನರ ಒಣಗುವ ರೋಗ, ಮುಂದಿನ ಮಳೆಗಾಲದ ತನಕ ಬೆಳಕು ಉಳಿದರೆ ನಿಮ್ಮ ಪುಣ್ಯ ಎಂದು ಮೀರಜದ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಬರುವಾಗ ಬಸ್ಸಿನಲ್ಲಿ ಅಪ್ಪ ಕಾಗವಾಡ ದಾಟಿದ ಮೇಲೆ ಹೇಳಿದ:

"ಮೋರ್ಯಾಗ ಹೊಕ್ಕು ಆ ಕಡೀ ಬಾಯಿ ನೋಡಿದಂಗ ಕಾಣಸ್ತೈತಿ. ಸುತ್ತಲೂ ಕತ್ತಲಿ, ನಟ್ಟನಡುವ ಒಂದಿಷ್ಟ ಬೆಳಕು. ಯವ್ವಾ, ಅಷ್ಟ ಬೆಳಕ ಇರೂದ್ರೊಳಗ ನಾ ಒಂದು ಕಲ್ಲು ಹುಡುಕಬೇಕಾಗೇತಿ."

ಆಮೇಲೆ ಕಲ್ಲಿನ ಕಥೆ ಹೇಳಿದ. ಮೂರು ರಸ್ತೆಗಳು ಒಟ್ಟಿಗೆ ನಡೆದಿದ್ದವಂತೆ: ಒಂದು ತೇರದಾಳದ ಕಡೆ, ಒಂದು ಮುಧೋಳದ ಕಡೆ, ಒಂದು ಬೀಳಗಿಯ ಕಡೆ. ಮೂರಕ್ಕೂ ಕಲ್ಲು ಜಮಖಂಡಿಯ ಗುಡ್ಡದ ಬುಡದಿಂದಲೇ ಗಾಡಿಯಲ್ಲಿ ಹೋಗುತ್ತಿತ್ತು. ಹಳ್ಳದ ನೀರು ರಸ್ತೆಯ ಅಡಿಯಲ್ಲಿ ಹಾಯಲೆಂದು ಅಲ್ಲಲ್ಲಿ ಎರಡು ಗೋಡೆ ಎಬ್ಬಿಸಿ, ಮೇಲೆ ಉದ್ದ ಚಪ್ಪಡಿ ಹಾಸಿ ಮೋರಿ ಕಟ್ಟುತ್ತಿದ್ದರು. ಅಂಥವು ಒಟ್ಟು ಹನ್ನೊಂದು. ಮಳೆಯ ಮೋಡ ಕಟ್ಟಿತ್ತು, ಒಂದು ಚಪ್ಪಡಿ ಕಡಿಮೆ ಬಿತ್ತು. ಕಲ್ಲು ಒಡೆಯುವ ಜಾಗದ ಹತ್ತಿರ ಹುಲ್ಲಿನಲ್ಲಿ ಹಳೆಯ ವೀರಗಲ್ಲೊಂದು ವಾಲಿ ನಿಂತಿತ್ತು. ಅದಕ್ಕೆ ಯಾರಾದರೂ ಪೂಜೆ ಮಾಡುವ ಗುರುತು ಅಪ್ಪನ ಕಣ್ಣಿಗೆ ಬೀಳಲಿಲ್ಲ. ಬಿದ್ದೀತೆಂದು ಅವನು ಹತ್ತಿರ ಹೋಗಿ ನೋಡಲೂ ಇಲ್ಲ.

"ಒಯ್ರಿ," ಎಂದ. "ಎಲ್ಲಿ ಕಡಿಮಿ ಬಿದ್ದೈತಿ ಅಲ್ಲೆ ಹಾಕ್ರಿ. ಮುಖ ಮಾತ್ರ ಕೆಳಗ ಮಾಡ್ರಿ, ಗಾಡಿ ಹಾಯ್ದು ಸವೀಬಾರದು."

ಅದೇ ಸಂಜೆ ಚಳಿಜ್ವರ ಹಿಡಿದು ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಎದ್ದು ಬರುವುದರೊಳಗೆ ಹನ್ನೊಂದೂ ಮೋರಿಗಳ ಮೇಲೆ ಗರಸು ಬಿದ್ದು ರಸ್ತೆಯಾಗಿತ್ತು. ಕಲ್ಲು ಹಾಕಿದ ಗೌಂಡಿ ಆ ಮಳೆಗಾಲದಲ್ಲೇ ತೀರಿಕೊಂಡ. ಹಿಂದೆಯೇ ಕಲ್ಲು ಒಡೆಯುವ ಜಾಗಕ್ಕೆ ಕುರಿ ಹೊಡೆದುಕೊಂಡು ಒಬ್ಬ ಹೆಣ್ಣುಮಗಳು ಬಂದಳು, ಬೀರಪ್ಪ ದೇವರ ಒಕ್ಕಲಿನವಳು. ಸೆರಗಿನ ತುದಿಯಲ್ಲಿ ಭಂಡಾರ, ಅಂದರೆ ದೇವರಿಗೆ ಹಚ್ಚುವ ಅರಿಷಿಣ ಪುಡಿ, ಗಂಟು ಕಟ್ಟಿದ್ದಳು.

"ಮೇಸ್ತ್ರಿಯಾರ, ಇಲ್ಲೆ ನಮ್ಮ ಹಿರ್ಯಾನ ಕಲ್ಲಿತ್ತಲ್ರಿ. ಎಲ್ಲೆ ಹೋತು?"

ಅಪ್ಪ ಸುಳ್ಳು ಹೇಳಿದ. ಸರ್ಕಾರದವರು ವಿಜಾಪುರಕ್ಕೆ ಒಯ್ದಿದ್ದಾರೆ, ಅಲ್ಲಿ ಹಳೆಯ ಕಲ್ಲುಗಳನ್ನು ಒಳ್ಳೆಯ ಕಟ್ಟಡದಲ್ಲಿ ಇಡುತ್ತಾರೆ ಎಂದ. ಆಕೆ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಕೇಳಿದಳಂತೆ:

"ಅಲ್ಲೆ ಅದಕ್ಕ ಭಂಡಾರ ಯಾರ ಹಚ್ಚತಾರ್ರಿ?"

ಆ ಪ್ರಶ್ನೆ ಹದಿನೈದು ವರ್ಷ ಅಪ್ಪನ ಹೊಟ್ಟೆಯಲ್ಲಿ ಕುಳಿತಿತ್ತು, ಅದನ್ನು ಇಟ್ಟುಕೊಂಡೇ ಕುರುಡನಾಗುವುದು ಅವನಿಗೆ ಬೇಡವಾಗಿತ್ತು. ನನಗೋ ಮೈಯೆಲ್ಲ ಉರಿಯಿತು. ಚಿಕ್ಕವಳಿದ್ದಾಗ ಒಂದು ಪೆನ್ಸಿಲ್ಲಿನ ಸುಳ್ಳಿಗೆ ನನ್ನನ್ನು ಒಂದು ಹೊತ್ತು ಊಟಕ್ಕೆ ಕೂರಿಸದ ಮನುಷ್ಯ ಇವನು!

"ಹೋಗಿ ಆ ಹೆಣ್ಮಗಳಿಗೆ ಹೇಳಬೇಕಿತ್ತಿಲ್ಲೋ? ಎಲ್ಲಾ ನನಗ ಹೇಳೂ ಬುದ್ಧಿ?"

"ಏನಂತ ಹೇಳ್ಲಿ? ಕಲ್ಲ ಎಲ್ಲೈತಿ ಅಂತ ನನಗ ಗೊತ್ತಿದ್ರಲ್ಲ. ಮೊದಲ ಸಿಗಲಿ. ಸಿಕ್ಕಮ್ಯಾಲ ಕಾಲ ಹಿಡೀತೀನಿ."

ಹಾಗೆ ಶುರುವಾಯಿತು. ಕೋಳಿ ಕೂಗುವ ಹೊತ್ತಿಗೆ ಹೊರಟರೆ ಊರ ಹೊರಗೆ ಬರುವುದರೊಳಗೆ ಗುಡ್ಡದ ಮೇಲಿನ ಅರಮನೆಯ ಗೋಡೆ ಮೆಲ್ಲಗೆ ಬೆಳ್ಳಗಾಗುತ್ತಿತ್ತು. ಮಂಜು ಹೊಲದ ಮೇಲೆ ಮೊಣಕಾಲೆತ್ತರಕ್ಕೆ ನಿಂತಿರುತ್ತಿತ್ತು, ನಾವು ಅದರೊಳಗೆ ಹೊಕ್ಕು ಅದರಿಂದ ಹೊರಗೆ ಬರುತ್ತಿದ್ದೆವು. ಏರು ಬಂದರೆ ಅಪ್ಪ ಇಳಿದು ಹಿಂದಿನಿಂದ ಕ್ಯಾರಿಯರ್ ಹಿಡಿದು ನಡೆಯುತ್ತಿದ್ದ. ನೂಕುತ್ತಿದ್ದನೋ ಆಸರೆ ಹಿಡಿಯುತ್ತಿದ್ದನೋ ನಾನು ಕೇಳಲಿಲ್ಲ. ಇಳಿಜಾರಿನಲ್ಲಿ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಗಾಲಿ ತಾನೇ ಓಡುತ್ತಿತ್ತು, ಕುಸುಬಿಯ ಹೊಲಗಳು ಎರಡೂ ಕಡೆ ಹಿಂದೆ ಸರಿಯುತ್ತಿದ್ದವು. ಈಗಲೂ ನಿದ್ದೆ ಹತ್ತುವ ಮೊದಲು ನನಗೆ ಆ ಇಳಿಜಾರು ಬರುತ್ತದೆ. ಬೆನ್ನಿಗೆ ಅಪ್ಪನ ಕೋಟಿನ ಬಿಸಿ ತಾಗುತ್ತದೆ.

ಮೋರಿ ಬಂದರೆ ಕೆಲಸ. ಅಪ್ಪ ಮೋರಿಯ ಬಾಯಿಯಲ್ಲಿ ಕುಳಿತು ಅವ್ವನ ಕನ್ನಡಿಯಲ್ಲಿ ಬಿಸಿಲು ಹಿಡಿದು ಒಳಗೆ ಬಿಡುತ್ತಿದ್ದ, ನಾನು ಸೆರಗು ಕಟ್ಟಿ ಬಗ್ಗಿ ಒಳಹೊಕ್ಕು ಮೇಲಿನ ಚಪ್ಪಡಿಗಳನ್ನು ಒಂದೊಂದಾಗಿ ಕೈಯಾಡಿಸಿ ನೋಡುತ್ತಿದ್ದೆ. ಬಾವಲಿ, ಮುಳ್ಳು, ಒಮ್ಮೆ ಯಾರೋ ಬಚ್ಚಿಟ್ಟ ಸೆರೆಯ ಗಡಿಗೆ. ನೆತ್ತಿಯ ಮೇಲೆ ಬಸ್ಸು ಹಾಯ್ದರೆ ಕಣ್ಣಿಗೆಲ್ಲ ಮಣ್ಣು.

"ಐತೇನು?"

"ಇಲ್ಲೋ ಅಪ್ಪಾ."

"ಹೋಗಲಿ. ಗ್ವಾಡಿ ಹ್ಯಾಂಗ ಅದಾವ?"

"ಗಟ್ಟಿ ಅದಾವ."

ಕಲ್ಲು ಸಿಗದಿದ್ದರೂ ಇಷ್ಟು ಕೇಳಿದರೆ ಅವನ ಮುಖ ಅರಳುತ್ತಿತ್ತು. ಮಾಡಿದ ತಪ್ಪನ್ನು ಹುಡುಕಲು ಬಂದವನು ಮಾಡಿದ ಕೆಲಸವನ್ನು ನೋಡಿ ಹಿಗ್ಗುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ತೇರದಾಳದ ಹಾದಿಗೆ ಮೊದಲು ಹೋದೆವು. ಬನಹಟ್ಟಿಯಲ್ಲಿ ನೇಕಾರರು ಓಣಿಯ ಉದ್ದಕ್ಕೂ ಹಾಸಿನ ನೂಲು ಬಿಗಿದು ಗಂಜಿ ಹಚ್ಚುತ್ತಿದ್ದರು. ಸೈಕಲ್ ಹಾಯಲು ಸಂದಿಲ್ಲ. ಇಳಿದು ನೂಲಿನ ಬದಿಗೆ ಗೋಡೆ ಸವರುತ್ತ ನಡೆದೆವು. ಗಂಜಿಯ ಕುಂಚ ಹಿಡಿದಿದ್ದ ಒಬ್ಬ ನಮ್ಮನ್ನು ನೋಡಿ ನಕ್ಕ.

"ಏನ್ರಿ ಅಕ್ಕಾರ, ಅಪ್ಪಗ ಹೆಣ್ಣ ನೋಡಾಕ ಹೊಂಟೀರೇನು?"

ಅಪ್ಪ ನನಗಿಂತ ಮೊದಲು ಉತ್ತರ ಕೊಟ್ಟ: "ಹೌದಪಾ. ನೆಲದಾಗ ಹದಿನೈದ ವರ್ಷ ಮಲಗಿದ್ರೂ ಮೈಗೆ ಏನೂ ಆಗದಂಥಾಕಿ ಬೇಕಾಗ್ಯಾಳ. ಇದ್ರ ಹೇಳು."

ತೇರದಾಳದ ಬಸದಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಪ್ಪ ತಿನ್ನುವುದನ್ನು ಬಿಟ್ಟು ಗೋಡೆಗೆ ಕೈ ಹಚ್ಚಿ ನಿಂತ. ಕಲ್ಲು ಕಲ್ಲಿನ ನಡುವಿನ ಸಂದಿಯಲ್ಲಿ ಉಗುರು ಇಳಿಯುತ್ತದೋ ನೋಡಿದ, ಇಳಿಯಲಿಲ್ಲ.

"ಸಿಮಿಟಿಲ್ಲ, ಸುಣ್ಣಿಲ್ಲ. ಕಟ್ಟಿದವರ ಹೆಸರ ಸೈತ ಇಲ್ಲ," ಎಂದ. ಅಂಗಳದ ಶಾಸನದ ಕಲ್ಲಿನ ಮುಂದೆ ಕರೆದೊಯ್ದು ಓದು ಎಂದ. ಆ ಹಳೆಯ ಅಕ್ಷರ ನನಗೆ ಬರುವುದಿಲ್ಲ ಎಂದೆ.

"ಸಾಲಿ ಕಲಿಸೋ ಅಕ್ಕಾರಿಗೆ ಓದಾಕ ಬರೂದಿಲ್ಲ! ಭೇಷ್!"

ಮುಧೋಳದ ಹಾದಿಯಲ್ಲಿ ಗರಸು ಬಿಳಿ, ಗಾಲಿಯ ಕೆಳಗೆ ಮೆತ್ತಗೆ ಗೊಣಗುತ್ತದೆ. ಬೆಳಗಲಿಯ ಕಡೆ ಹೊರಳುವ ಹತ್ತಿರ ಒಂದು ಬೇಟೆನಾಯಿ, ಆ ಕಡೆಯ ಉದ್ದ ಕಾಲಿನ ತೆಳು ಸೊಂಟದ ಜಾತಿಯದು, ಹೊಲದಿಂದ ಎದ್ದು ನಮ್ಮ ಬೆನ್ನು ಹತ್ತಿತು. ನಾನು ಬ್ರೇಕಿಗೆ ಕೈ ಹಾಕಿದೆ.

"ಬ್ರೇಕ್ ಹಾಕಬ್ಯಾಡ," ಎಂದ ಅಪ್ಪ, ಪಂಗತಿಯಲ್ಲಿ ಕುಳಿತವನ ಹಾಗೆ ಆರಾಮಾಗಿ. "ಅದಕ್ಕ ಕಡಿಯೂದು ಬೇಕಾಗಿಲ್ಲ. ಜೋಡಿ ಓಡೂದು ಬೇಕಾಗೇತಿ."

ನಿಜ. ಅದು ಅರ್ಧ ಮೈಲಿ ನಮ್ಮ ಬದಿಗೆ ಸಪ್ಪಳವಿಲ್ಲದೆ ಓಡಿತು, ಒಮ್ಮೆ ನನ್ನ ಮುಖ ನೋಡಿತು, ಮತ್ತೆ ಹೊಲಕ್ಕೆ ಇಳಿದು ಹೋಯಿತು. ಆ ದಿನವೂ ಕಲ್ಲು ಸಿಗಲಿಲ್ಲ.

ದಿನ ಹೋದಂತೆ ಅಪ್ಪನ ಬೆಳಕು ಸಣ್ಣದಾಗುತ್ತಿತ್ತು. ಕನ್ನಡಿಯ ಬಿಸಿಲು ಮೋರಿಯೊಳಗೆ ಬೀಳದೆ ಗೋಡೆಗೆ, ಕೆಲವೊಮ್ಮೆ ಗಿಡಕ್ಕೆ ಬೀಳುತ್ತಿತ್ತು. ನಾನು ಒಳಗಿನಿಂದ "ಎಡಕ್ಕ, ಎಡಕ್ಕ" ಎಂದು ಕೂಗುತ್ತಿದ್ದೆ. ಕೂಗಿದ್ದಕ್ಕೆ ಆಮೇಲೆ ನನಗೇ ಅಳು ಬರುತ್ತಿತ್ತು. ತೇರದಾಳದ ಕಡೆ ಮೂರು ಮೋರಿ, ಮುಧೋಳದ ಕಡೆ ನಾಲ್ಕು ಮುಗಿದವು. ಉಳಿದದ್ದು ಬೀಳಗಿಯ ಹಾದಿ. ಅದು ದೂರದ ದಾರಿ, ಗುಡ್ಡದ ಮೇಲೆ ಗುಡ್ಡ. ಸಂಕ್ರಾಂತಿಯ ಸೂಟಿ ಬರುವ ತನಕ ಕಾದು, ಬೀಳಗಿಯಲ್ಲಿ ಅಪ್ಪನ ಅಕ್ಕನ ಮನೆಯಲ್ಲಿ ಉಳಿಯುವುದೆಂದು ಹೊರಟೆವು.

ಆ ದಾರಿಯ ಒಂದು ಏರಿನ ನೆತ್ತಿಯಲ್ಲಿ ನಿಂತರೆ ಹಿಂದೆ ಬಿಟ್ಟುಬಂದ ಗುಡ್ಡಗಳೆಲ್ಲ ನೀಲಿ. ದಾರಿಯಲ್ಲಿ ಮೂರು ಮೋರಿ ನೋಡಿದೆವು, ಇಲ್ಲ. ನಾಲ್ಕನೆಯದು ಬೀಳಗಿಯ ಹತ್ತಿರ. ಅಲ್ಲಿಗೆ ಬರುವಷ್ಟರಲ್ಲಿ ಬಿಸಿಲು ಹೋಗಿತ್ತು. ಬೆಳಿಗ್ಗೆ ನೋಡೋಣ ಎಂದು ಊರೊಳಗೆ ಹೋದೆವು. ನಾನು ಬೀಳಗಿಯ ಹಳೆಯ ಬಾವಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತೆ. ಮೊಣಕಾಲು ನನ್ನವೆಂದು ಅನ್ನಿಸುತ್ತಿರಲಿಲ್ಲ. ಅಪ್ಪ ಒಂದು ಹರಳು ತೆಗೆದು ನೀರಿಗೆ ಎಸೆದು ಆಲಿಸಿದ.

"ನಾಳಿನ ಮೋರ್ಯಾಗೂ ಇರಲಿಲ್ಲ ಅಂದ್ರ?" ಎಂದು ಕೇಳಿದೆ.

"ಇರಲಿಲ್ಲ ಅಂದ್ರ, ಅವರ ಹಿರ್ಯಾನ್ನ ಕಳದಾವ ಅನ್ನಿಸಿಕೊಂಡ ಸಾಯೂದು."

ಬೆಳಿಗ್ಗೆ ಹನ್ನೊಂದನೆಯ ಮೋರಿಯ ಮುಂದೆ ನಿಂತಾಗ ನನ್ನ ಧೈರ್ಯ ಕುಸಿಯಿತು. ಉಸುಕು ತುಂಬಿ ಒಂದೂವರೆ ಮೊಳದಷ್ಟೇ ಸಂದಿ ಉಳಿದಿತ್ತು. ಹಾವಿದ್ದರೆ ಎಂದೆ. ಇದರಲ್ಲಿಯೂ ಇಲ್ಲದಿದ್ದರೆ ಅಪ್ಪನ ಮುಖ ಹೇಗೆ ನೋಡಲಿ ಎಂಬುದು ನಿಜವಾದ ಹೆದರಿಕೆ. ಹಾವು ಬರೀ ನೆಪ. ಅಪ್ಪ ಕನ್ನಡಿ ತೆಗೆದು ಸೂರ್ಯನ ಕಡೆ ಹಿಡಿದು ಕುಳಿತ. ನಾನು ಅಂಗಾತ ಮಲಗಿ, ಹಿಮ್ಮಡಿಯಿಂದ ನೂಕಿಕೊಳ್ಳುತ್ತ ತಲೆಮೊದಲಾಗಿ ಒಳಗೆ ಸರಿದೆ.

ಉಸುಕು ತಣ್ಣಗಿತ್ತು. ಎಣ್ಣೆಯ ವಾಸನೆ ಬಂತು. ಮೊದಲ ಚಪ್ಪಡಿ ಬರಿಯದು, ಎರಡನೆಯದೂ ಬರಿಯದು. "ಬಲಕ್ಕ, ಒಂದೀಟು ಒಳಗ," ಎಂದೆ. ಬಿಸಿಲಿನ ತುಣುಕು ನಡುಗುತ್ತ ನನ್ನ ಎದೆ ದಾಟಿ, ಮುಖ ದಾಟಿ ಮೇಲೆ ಹತ್ತಿತು. ಹತ್ತಿದ್ದೇ ತಡ ಮೋರಿಯ ಒಳಗೆಲ್ಲ ಹಳದಿ.

ಮೂರನೆಯ ಚಪ್ಪಡಿಯ ತುಂಬ ಭಂಡಾರ. ಹಳೆಯದರ ಮೇಲೆ ಹೊಸದು, ಎಷ್ಟೋ ವರ್ಷದ್ದು, ಗೋಡೆಗೆ ಗಿಲಾವು ಮಾಡಿದ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಅದರೊಳಗಿಂದ ಒಬ್ಬ ಮನುಷ್ಯ, ಕೈಯಲ್ಲಿ ಕೋಲು, ಕಾಲ ಹತ್ತಿರ ಎರಡು ಕುರಿ, ನನ್ನ ಮುಖದ ಮೇಲೆ ಬಗ್ಗಿ ನೋಡುತ್ತಿದ್ದ. ಬದಿಯ ಗೂಡಿನಲ್ಲಿ ಸುಟ್ಟ ಬತ್ತಿ, ತೆಂಗಿನ ಚಿಪ್ಪು.

ಅಪ್ಪ ಹೊರಗಿನಿಂದ "ಐತೇನು?" ಎಂದ. ನಾನು ಕೈ ಎತ್ತಿ ಆ ಕೋಲನ್ನು ಮುಟ್ಟಿದೆ. "ಐತೇನ ಯವ್ವಾ?" ಎಂದು ಮತ್ತೆ ಕೇಳಿದ.

"ನೀ ಒಳಗ ಬಾ," ಎಂದೆ.

ಕೋಟು ತೆಗೆದು, ಧೋತರದ ಕಚ್ಚೆ ಕಟ್ಟಿ, ಅರವತ್ತು ದಾಟಿದ ಮನುಷ್ಯ ಆ ಸಂದಿಯೊಳಗೆ ಸರಿದ. ಈಗ ಕನ್ನಡಿ ಹಿಡಿದವಳು ನಾನು. ಅವನ ಕಾಲು ಮಾತ್ರ ಹೊರಗಿದ್ದವು. ಆಮೇಲೆ ಅಪ್ಪ ಅಳುವುದು ಕೇಳಿತು. ನಾನು ಕನ್ನಡಿಯನ್ನು ಅಲುಗಾಡಿಸದೆ ಹಿಡಿದೆ.

ಬದಿಯ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ರಸ್ತೆಯ ಮೇಲೆ ಒರಗಿದ ಸೈಕಲ್ಲನ್ನೂ ಮೋರಿಯಿಂದ ಹೊರಬಿದ್ದ ಕಾಲುಗಳನ್ನೂ ನೋಡಿ ಮುದುಕಿಯೊಬ್ಬಳು ಕಂಬಳಿ ಕೊಡವುತ್ತ ಬಂದಳು. ಅಪ್ಪ ಹೊರಗೆ ಸರಿದು ಎದ್ದು ಕುಳಿತ. ತಲೆ, ಹಣೆ, ಅಂಗಿ ಎಲ್ಲ ಹಳದಿ. ಆಕೆ ಅವನ ಮುಖವನ್ನೇ ನೋಡಿದಳು.

"ಮೇಸ್ತ್ರಿ ಅಲ್ಲೇನ್ರಿ?"

ದನಿಯಿಂದ ಅಪ್ಪನಿಗೂ ಗುರುತು ಸಿಕ್ಕಿತು. ಹೇಳಿದ್ದ ಹಾಗೆ ಕಾಲು ಹಿಡಿಯಲು ಹೋದ. ಆಕೆ ಜಿಗಿದು ಹಿಂದೆ ಸರಿದಳು.

"ಹೇ ಬಿಡ್ರಿ, ಹಿರ್ಯಾ ಮನಷ್ಯಾ!"

"ನಾ ನಿನಗ ಸುಳ್ಳ ಹೇಳಿದ್ನಬೇ. ವಿಜಾಪುರಕ್ಕ ಹೋಗಿದ್ದಿಲ್ಲ ಅದು."

"ಗೊತ್ತೈತಲ್ರಿ. ಆ ವರ್ಷನ ಗೊತ್ತಾತು. ಒಂದು ಮರಿ ನೆರಳಿಗಂತ ಇದ್ರಾಗ ಹೊಕ್ಕಿತ್ತು, ಏನ ಮಾಡಿದ್ರೂ ಹೊರಗ ಬರಲಿಲ್ಲ. ಹಿಡಕೊಂಡ ಬರಾಕ ನಾ ಹೊಕ್ಕೆ. ಮ್ಯಾಲ ನೋಡ್ತೇನಿ, ಹಿರ್ಯಾ ಅದಾನ! ಇಲ್ಲೆ ಹಾದಾಗೊಮ್ಮೆ ಹಚ್ಚತೇವ್ರಿ."

"ಮತ್ತ ಹದಿನೈದ ವರ್ಷ ನನಗ್ಯಾಕ ಒಂದ ಮಾತ ಹೇಳಲಿಲ್ಲ?"

ಮುದುಕಿ ನಕ್ಕಳು. ಬಾಯಲ್ಲಿ ಎರಡೇ ಹಲ್ಲು.

"ಹೇಳಿದ್ರ ನೀವು ಹೆದರಿ ಕಿತ್ತ ತಗದು, ಖರೇನ ವಿಜಾಪುರಕ್ಕ ಕಳಸ್ತಿದ್ರಿ!"

ಅಪ್ಪ ಅಳುತ್ತಲೇ ನಗತೊಡಗಿದ. ನಾನು ನಗುತ್ತಲೇ ಅತ್ತೆ. ಹದಿನೈದು ವರ್ಷ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಕಾವಲು ನಿಂತ ಹಾಗಾಗಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ, ಆಗಲೇ ಹಳದಿಯಾಗಿದ್ದ ಅಪ್ಪನ ಹಣೆಗೆ ಮತ್ತೊಂದು ಚಿಟಿಕೆ ಭಂಡಾರ ಹಚ್ಚಿದಳು.

"ಇಷ್ಟಕ್ಕೂ ಮುಖ ಕೆಳಗ ಮಾಡಿ ಇಟ್ಟೀರಿ. ಮಳಿ ಇಲ್ಲ, ಬಿಸಲಿಲ್ಲ. ಅವಗೇನೂ ಆಗಿಲ್ಲ ಬಿಡ್ರಿ," ಎಂದಳು. ಆಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ಉಸುಕ ತುಂಬೇತ್ರಿ. ಮೊದಲ ಕುಂತ ಹಚ್ಚತಿದ್ದೆ, ಈಗ ಮಲಗಿ ಹೋಗಬೇಕ. ನನ್ನ ಕೈಲೆ ಆಗವಲ್ದು."

ಮೇಸ್ತ್ರಿಯ ಕಿವಿಗೆ ಅಷ್ಟು ಬಿದ್ದರೆ ಸಾಕಿತ್ತು. ಅತ್ತೆಯ ಮನೆಯಿಂದ ಸಲಿಕೆ, ಬುಟ್ಟಿ ತರಿಸಿದ. ಎರಡು ದಿನ ನಾವಿಬ್ಬರೂ ಉಸುಕು ತೆಗೆದೆವು. ಕುರಿ ಕಾಯುವವರು ಬುಟ್ಟಿ ಹೊತ್ತು ಹೊಲಕ್ಕೆ ಚೆಲ್ಲಿದರು. ಅಪ್ಪ ತಳವನ್ನು ಅಂಗೈಯಿಂದ ಸವರಿ ಸವರಿ ಇಳಿಜಾರು ಮಾಡಿದ. ಮುಗಿದ ಮೇಲೆ ಒಂದು ಕೊಡ ನೀರು ಸುರಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟು ಕುಳಿತ. ನೀರು ಎಲ್ಲಿಯೂ ನಿಲ್ಲದೆ ಆ ಕಡೆ ಹೋಯಿತು.

"ಆತು," ಎಂದ.

ಮುದುಕಿ ಒಳಗೆ ಹೋಗಿ ಕುಳಿತು ಭಂಡಾರ ಹಚ್ಚಿ ಬಂದಳು. ನಾವು ಊರ ಕಡೆ ಹೊರಟೆವು. ಆ ಮೋರಿಯ ಮೇಲೆ ಮಾತ್ರ ಅಪ್ಪ ಸೈಕಲ್ ಹತ್ತಗೊಡಲಿಲ್ಲ. ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆವು. ಆ ರಸ್ತೆಗೆ ಡಾಂಬರು ಬಿದ್ದು ಎಷ್ಟೋ ವರ್ಷವಾದ ಮೇಲೂ ನಾನು ಅಲ್ಲಿ ಇಳಿದೇ ದಾಟುತ್ತಿದ್ದೆ.

ಮಳೆಗಾಲದ ತನಕ ಅಪ್ಪನ ಬೆಳಕು ಉಳಿಯಲಿಲ್ಲ. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಮೀರಜಕ್ಕೆ ಮತ್ತೆ ಕರೆದೊಯ್ದೆ. ಡಾಕ್ಟರು ಕೋಣೆಯ ಬಾಗಿಲು ಹಾಕಿಸಿ, ಬ್ಯಾಟರಿ ಹಚ್ಚಿ ಒಂದೊಂದೇ ಕಣ್ಣಿಗೆ ಬಿಟ್ಟು ನೋಡಿದರು. ಮುಂದೆ ಬಗ್ಗಿ ಮೆಲ್ಲಗೆ ಕೇಳಿದರು:

"ಅಜ್ಜಾರ, ಏನರ ಕಾಣಸ್ತದೇನ್ರಿ?"

ಅಪ್ಪ ಮುಖ ಮೇಲೆತ್ತಿದ.

"ಹಳದಿ ಕಾಣಸ್ತೈತ್ರಿ," ಎಂದ.

ಡಾಕ್ಟರು ನನ್ನ ಮುಖ ನೋಡಿದರು. ಅವರು ಬ್ಯಾಟರಿ ಆರಿಸಿ ಆಗಲೇ ಮೇಜಿನ ಮೇಲೆ ಇಟ್ಟಿದ್ದರು.